ಸಹಾಯ ಬೇಕು: ಮೊದಲು ಪರೀಕ್ಷೆಯೋ, ಜಿಮ್ ಕೆಲಸವೋ?

ಉಡುಪಿಯ ಫೈನಾನ್ಸ್ ಸಂಸ್ಥೆಯೊಂದರಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ, ವಯಸ್ಸು 35. ಪಕ್ಕದ ಮನೆಯ ಅಕ್ಕನಿಗೆ ಕೈಯೂರದೆ ಕುರ್ಚಿಯಿಂದ ಏಳುವುದನ್ನು ಮೂರು ತಿಂಗಳು ಹೇಳಿಕೊಟ್ಟೆ. ಈಗ ಅವರು ರಥಬೀದಿಗೆ ನಡೆದೇ ಹೋಗುತ್ತಾರೆ. ಅಂದಿನಿಂದ ಟ್ರೈನರ್ ಆಗುವ ಹಂಬಲ ನನ್ನನ್ನು ಬಿಟ್ಟಿಲ್ಲ.

ಎರಡು ದಿನದ ಕೋರ್ಸೊಂದಕ್ಕೆ ಹಣ ಕಟ್ಟಿದೆ, ಕಲಿತದ್ದು ಏನೂ ಇಲ್ಲ. ಈಗ ಅಮೆರಿಕದ ಎಸಿಇ (ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಜ್) ಸಂಸ್ಥೆಯ ಟ್ರೈನರ್ ಪರೀಕ್ಷೆಗೆ ಓದುತ್ತಿದ್ದೇನೆ: 150 ಪ್ರಶ್ನೆ, ಮೂರು ಗಂಟೆ, ಜೊತೆಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಪ್ರಮಾಣಪತ್ರವೂ ಬೇಕು. ಸ್ನಾಯುಗಳ ಹೆಸರುಗಳಲ್ಲೇ ತಡವರಿಸುತ್ತಿದ್ದೇನೆ. ಮಣಿಪಾಲದ ಜಿಮ್ ಒಂದರವರು, ಪರೀಕ್ಷೆ ಆಮೇಲಾಗಲಿ, ನಾಳೆಯೇ ಬನ್ನಿ ಎನ್ನುತ್ತಾರೆ. ತಪ್ಪಾಗಿ ಹೇಳಿಕೊಟ್ಟು ಯಾರದ್ದಾದರೂ ಸೊಂಟ ಹಿಡಿದರೆ ಎಂಬ ಭಯ ನನಗೆ.

ಈ ದಾರಿಯಲ್ಲಿ ಬಂದವರು ಹೇಳಿ: ಕೆಲಸ ಬಿಡದೆ ಪರೀಕ್ಷೆ ಮುಗಿಸಲೇ, ಇಲ್ಲ ಜಿಮ್ ಸೇರಿ ಅನುಭವಿಗಳ ಕೈಕೆಳಗೆ ಕಲಿಯಲೇ? ಸಿಪಿಆರ್ ತರಬೇತಿಯನ್ನು ಇಲ್ಲಿ ಎಲ್ಲಿ ಪಡೆದಿರಿ?