ಮಸ್ಟ್ಯಾಂಗ್‌ಗೆ ಕೋಲ್ಡ್ ಏರ್ ಇಂಟೇಕ್ ಹಾಕಿಸ್ಲಾ?

ಕೋಥ್ರೂಡ್ ವಿ8:
ನನ್ನದು 2018ರ ಮಸ್ಟ್ಯಾಂಗ್ ಜಿಟಿ, 5 ಲೀಟರ್. ಊರಿಗೆ ಹೊರಟು ಪುಣೆ-ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಹತ್ತುವಾಗ ಮಧ್ಯಾಹ್ನದ ಬಿಸಿಲಿಗೆ ಗಾಡಿ ಯಾಕೋ ಸಪ್ಪೆ. ಗ್ಯಾರೇಜಿನವರು ಕೋಲ್ಡ್ ಏರ್ ಇಂಟೇಕ್, ಅಂದ್ರೆ ಎಂಜಿನ್ನಿಗೆ ತಣ್ಣನೆ ಗಾಳಿ ಎಳೆಯೋಕೆ ಅಂತ ಮಾರೋ ಕೋನ್ ಫಿಲ್ಟರ್ ಕಿಟ್ ಹಾಕಿಸಿ ಅಂತಿದ್ದಾರೆ. ನಿಜವಾಗ್ಲೂ ಪವರ್ ಏರುತ್ತಾ?

ಧಾರವಾಡದಂವ, ಪಿಂಪ್ರಿ:
ತಮ್ಮಾ, ಮೊದ್ಲ ಓಬಿಡಿ ರೀಡರ್ (ಗಾಡಿ ಕಂಪ್ಯೂಟರಿನ ಲೆಕ್ಕ ತೋರ್ಸೋ ಸಾಧನ) ಹಚ್ಚಿ ಇಂಟೇಕ್ ಗಾಳಿ ಎಷ್ಟ್ ಬಿಸಿ ಅದ ನೋಡು. ಸಿಗ್ನಲ್‌ನ್ಯಾಗ ನಿಂತಾಗೊಮ್ಮೆ, ಹೈವೇದಾಗ ಓಡುವಾಗೊಮ್ಮೆ. ಗಾಳಿ 10 ಡಿಗ್ರಿ ತಣ್ಣಗಾದ್ರ ಸಾಂದ್ರತೆ ಸುಮಾರು 3 ಪರ್ಸೆಂಟ್ ಏರ್ತದ, ಪವರೂ ಹೆಚ್ಚುಕಮ್ಮಿ ಅಷ್ಟ. ಕಂಪನಿ ಏರ್‌ಬಾಕ್ಸ್ (ಫಿಲ್ಟರ್ ಇರೋ ಡಬ್ಬಿ) ಮೊದಲಿಂದನ ಹೊರಗಿನ ಗಾಳಿ ಎಳೀತದ. ಅದನ್ನ ಕಿತ್ತು ಬಾನೆಟ್ ಕೆಳಗ ಬೋಳು ಕೋನ್ ಕೂಡಿಸಿದ್ರ ಎಂಜಿನ್ನಿನ ಬಿಸಿಗಾಳಿನ ಕುಡೀತದ. ಹೆಸರಷ್ಟ ಕೋಲ್ಡು! ಸದ್ದು ಮಾತ್ರ ಭಾರಿ ಬರ್ತದ. ಅದಕ್ಕ ರೊಕ್ಕ ಕೊಡ್ತೀನಂದ್ರ ನಾ ಬ್ಯಾಡ ಅನ್ನಂಗಿಲ್ಲ.

ಬಾನೇರ್ ಕನ್ನಡತಿ:
ಧಾರವಾಡದಣ್ಣ ಹೇಳಿದ್ದು ಸರಿ. ಹಾಕಿಸೋದೇ ಆದ್ರೆ ಸುತ್ತಲೂ ಮುಚ್ಚಿದ ಬಾಕ್ಸ್ ಇರೋ ಕಿಟ್ ನೋಡಿ. ಪೈಪಿನ ಅಗಲ ಬದಲಾದ್ರೆ ಒಳಗೆ ಹೋಗೋ ಗಾಳಿ ಅಳೆಯೋ ಮಾಫ್ ಸೆನ್ಸರ್ ಲೆಕ್ಕ ತಪ್ಪುತ್ತೆ, ಎಂಜಿನ್ ಕಂಪ್ಯೂಟರನ್ನ ಟ್ಯೂನ್ ಮಾಡಿಸಬೇಕು. ಎಣ್ಣೆ ಹಚ್ಚೋ ಫಿಲ್ಟರ್ ಆದ್ರೆ, ಎಣ್ಣೆ ಜಾಸ್ತಿಯಾದಾಗ ಅದೇ ಸೆನ್ಸರ್ ಮೇಲೆ ಕೂರಬಹುದು. ಫಿಲ್ಟರನ್ನ ಬಂಪರ್ ಹತ್ತಿರ ಇಳಿಸೋ ಕಿಟ್ ಅಂತೂ ಪುಣೆ ಮಳೆಗೆ ಬೇಡವೇ ಬೇಡ. ನಿಂತ ನೀರು ಸಿಲಿಂಡರಿಗೆ ಹೋದ್ರೆ ಕನೆಕ್ಟಿಂಗ್ ರಾಡೇ ಬಾಗುತ್ತೆ.

ಕೋಥ್ರೂಡ್ ವಿ8:
ಥ್ಯಾಂಕ್ಸ್. ಸದ್ಯಕ್ಕೆ ಹಳೇ ಬಾಕ್ಸಲ್ಲೇ ಹೊಸ ಪೇಪರ್ ಫಿಲ್ಟರ್ ಹಾಕಿಸ್ತೀನಿ. ಸದ್ದಿನ ಆಸೆ ಮಾತ್ರ ಹೋಗಿಲ್ಲ, ಧಾರವಾಡದಣ್ಣ!