ಭಾವ, ಆ ಪಿಕ್ಚರ್ ಬಗ್ಗೆ ನೀವು ಕೇಳಿದ್ರಲ್ಲ

ಭಾವ, ನಿಮ್ಮ ಮೆಸೇಜ್ ಬೆಳಿಗ್ಗೆನೇ ನೋಡಿದೆ, ಆದ್ರೆ ಇಲ್ಲಿ ತೀರ್ಥಹಳ್ಳೀಲಿ ರಾತ್ರಿಯಿಂದ ಕರೆಂಟಿರ್ಲಿಲ್ಲ, ಮೊಬೈಲ್ ಚಾರ್ಜ್ ಪೂರ್ತಿ ಖಾಲಿ. ‘ಅಮೆರಿಕನ್ ಹಸಲ್ ನೋಡಿದ್ವಿ, ಎಲ್ಲರೂ ಕಳ್ಳರೇ, ಯಾರ ಪರ ನೋಡ್ಬೇಕು ಅಂತಾನೇ ತಿಳೀಲಿಲ್ಲ, ನಿಂಗೆ ಅದ್ರಲ್ಲಿ ಏನು ಅಷ್ಟೊಂದು ಇಷ್ಟ’ ಅಂತ ಕೇಳಿದ್ರಲ್ಲ, ನಾನಂತೂ ಆ ಮೇಯರ್ ಕಾರ್ಮೈನ್ ಪರ ಭಾವ, ಅವನ ಕಥೆ ನೋಡಿದ್ರೆ ನಂಗೆ ನಮ್ಮಪ್ಪಾನೇ ಕಣ್ಮುಂದೆ ಬರ್ತಾರೆ.

ಅದು ಪೂರ್ತಿ ಕಟ್ಟುಕಥೆ ಅಲ್ಲ. ಶುರುವಲ್ಲೇ ‘ಇದ್ರಲ್ಲಿ ಸ್ವಲ್ಪ ನಿಜವಾಗ್ಲೂ ನಡೆದಿದ್ದು’ ಅಂತ ಹಾಕ್ತಾರಲ್ಲ, ಅದು ಆ್ಯಬ್‌ಸ್ಕ್ಯಾಮ್ ಅನ್ನೋ ಕೇಸು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನೋರು ಮೆಲ್ ವೈನ್‌ಬರ್ಗ್ ಅಂತ ಒಬ್ಬ ನುರಿತ ಮೋಸಗಾರನ್ನೇ ಜೊತೆಗೆ ಹಾಕ್ಕೊಂಡು, ಅರಬ್ ಶೇಖ್ ದುಡ್ಡು ಹಾಕ್ತಾನೆ ಅಂತ ನಾಟಕ ಕಟ್ಟಿ, ಲಂಚ ತಗೊಳ್ಳೋದನ್ನ ಗುಟ್ಟಾಗಿ ವಿಡಿಯೋ ಮಾಡಿದ್ರು, 1980ರ ಫೆಬ್ರವರೀಲಿ ಬಯಲಾಯ್ತು, ಕೊನೆಗೆ ಅಲ್ಲಿನ ಸಂಸತ್ತಿನ ಒಬ್ಬ ಸೆನೆಟರ್, ಕೆಳಮನೆಯ ಆರು ಜನ ಸದಸ್ಯರಿಗೆ ಶಿಕ್ಷೆ ಆಯ್ತು. ನ್ಯೂಜೆರ್ಸಿಯ ಕ್ಯಾಮ್ಡೆನ್ ಮೇಯರೂ ಸಿಕ್ಕಿಬಿದ್ದಿದ್ದ, ಅವನನ್ನ ನೋಡಿನೇ ಪಿಕ್ಚರಲ್ಲಿ ಕಾರ್ಮೈನ್ ಪಾತ್ರ ಮಾಡಿರೋದು.

ಪಿಕ್ಚರಲ್ಲಿ ಆ ವೈನ್‌ಬರ್ಗ್ ಜಾಗದಲ್ಲಿರೋ ಮೋಸಗಾರ ಇರ್ವಿಂಗ್, ಅದೇ ಕ್ರಿಶ್ಚಿಯನ್ ಬೇಲ್ ಮಾಡಿರೋ ಪಾತ್ರ, ಅವ್ನು ಮೊದಲು ಮಾಡ್ತಿದ್ದ ಕೆಲಸ ನೆನಪಿದ್ಯಾ, 50 ಸಾವಿರ ಡಾಲರ್ ಸಾಲ ಕೊಡಿಸ್ತೀನಿ ಅಂತ 5 ಸಾವಿರ ಮುಂಚೆನೇ ಇಸ್ಕೊಂಡು ಆಮೇಲೆ ಕೈ ಎತ್ತೋದು. ಅದನ್ನ ನೋಡ್ತಿದ್ದಂಗೆ ನಾನು ರಿಮೋಟ್ ತಗೊಂಡು ನಿಲ್ಲಿಸ್ಬಿಟ್ಟೆ. ಯಾಕಂದ್ರೆ ನಾನು ಹೈಸ್ಕೂಲಲ್ಲಿದ್ದಾಗ ನಮ್ಮನೆಗೂ ಒಬ್ಬ ಬಂದಿದ್ದ, ಅಕ್ಕ ನಿಮಗೆ ಹೇಳಿರ್ಬಹುದು, ತೋಟದ ಮೇಲೆ ಕಮ್ಮಿ ಬಡ್ಡಿಗೆ ಸಾಲ ಮಾಡಿಸ್ಕೊಡ್ತೀನಿ, ಕಾಗದಪತ್ರದ ಖರ್ಚಿಗೆ ಅಂತ ಮೊದಲೇ ಒಂದಿಷ್ಟು ಕೊಡಿ ಅಂತ. ಕೊಯ್ಲಿನ ಟೈಮು, ರಾತ್ರಿ ಎಲ್ರೂ ಕೂತು ಅಡಿಕೆ ಸುಲೀತಿದ್ರೆ ಅವ್ನೂ ಒಂದು ಮೆಟ್ಟುಗತ್ತಿ ಎಳ್ಕೊಂಡು ಕೂತ, ಬರಲ್ಲ ಪಾಪ, ಹೆಬ್ಬೆರಳು ಕುಯ್ಕೊಂಡ, ಅಮ್ಮ ಓಡಿಹೋಗಿ ಅರಿಶಿನ ತಂದು ಒತ್ತಿ ಹಳೇ ಪಂಚೆ ಹರಿದು ಕಟ್ಟಿದ್ಲು. ಆ ಬಿಳಿ ಪಟ್ಟಿ ಮೇಲೆ ಅರಿಶಿನ ರಕ್ತ ಎರಡೂ ಸೇರಿ ಕಂದು ಬಣ್ಣ ಬಂದಿತ್ತು, ಅದು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಅಪ್ಪಂಗೆ ಅವನನ್ನ ಕಂಡ್ರೆ ಅಷ್ಟು ಪ್ರೀತಿ, ಅಕ್ಕಪಕ್ಕದ ನಾಲ್ಕು ಮನೆಗೆ ತಾವೇ ಕರ್ಕೊಂಡು ಹೋಗಿ ‘ಒಳ್ಳೆ ಮನುಷ್ಯ, ನಂಬಬಹುದು’ ಅಂತ ಪರಿಚಯ ಮಾಡ್ಸಿದ್ರು.

ಕಾರ್ಮೈನ್ ಮಾಡಿದ್ದೂ ಅದೇ ಅಲ್ವಾ ಭಾವ. ಅಟ್ಲಾಂಟಿಕ್ ಸಿಟಿ ಮತ್ತೆ ಕಟ್ಬೇಕು, ಜನಕ್ಕೆ ಕೆಲಸ ಸಿಗ್ಬೇಕು ಅನ್ನೋ ಆಸೆಗೆ ತನಗೆ ಗೊತ್ತಿರೋರನ್ನೆಲ್ಲ ಆ ಸುಳ್ಳು ಶೇಖ್ ಹತ್ರ ಕರ್ಕೊಂಡು ಬರ್ತಾನೆ. ಅವ್ನು ಮಾಡಿದ್ದು ಸರಿ ಅಂತ ನಾನು ಹೇಳಲ್ಲ, ತಪ್ಪು ತಪ್ಪೇ. ಆದ್ರೆ ಅವ್ನು ಇರ್ವಿಂಗ್‌ನ ನಿಜವಾಗ್ಲೂ ಸ್ನೇಹಿತ ಅಂತ ನಂಬಿದ್ದ, ಮನೆಗೆ ಕರೀತಾನೆ, ಆಗ ಎಲ್ಲರ ಮನೇಲೂ ಇರದ ಮೈಕ್ರೋವೇವ್ ಉಡುಗೊರೆ ಕೊಡ್ತಾನೆ. ಇರ್ವಿಂಗ್ ಹೆಂಡತಿ ರೋಸಲಿನ್ ಅದಕ್ಕೆ ಲೋಹದ ತಟ್ಟೆ ಇಟ್ಟು ಬೆಂಕಿ ಹಚ್ಚೋದು ನೋಡಿ ಎಲ್ರೂ ನಗ್ತಾರೆ, ನಂಗೆ ಮಾತ್ರ ಅಯ್ಯೋ ಅದು ಕಾರ್ಮೈನ್ ಪ್ರೀತಿಯಿಂದ ಕೊಟ್ಟಿದ್ದಲ್ವಾ ಅನ್ನಿಸ್ತು.

ಸಿಡ್ನಿ, ರೋಸಲಿನ್ ವಿಷಯ ನೀವು ಕೇಳಿದ್ರಿ, ಯಾರು ಯಾರಿಗೆ ನಿಯತ್ತಾಗಿದ್ರು ಅಂತ. ಇರ್ವಿಂಗ್ ಪ್ರೇಯಸಿ ಸಿಡ್ನಿ ಇಂಗ್ಲೆಂಡಿನ ಲೇಡಿ ಅಂತ ವೇಷ ಹಾಕಿ ಆ ಎಫ್‌ಬಿಐ ಏಜೆಂಟ್ ರಿಚಿ ಜೊತೆ ಓಡಾಡಿದ್ದು ಎಷ್ಟು ನಾಟಕ ಎಷ್ಟು ನಿಜ ಅಂತ ಅವಳಿಗೇ ಗೊತ್ತಿರಲ್ಲ ಅಂತ ನಂಗನ್ಸುತ್ತೆ. ರೋಸಲಿನ್ ಅಂತೂ ಮಾಫಿಯಾದವನ ಹತ್ರ ಬಾಯಿಬಿಟ್ಟು ಗಂಡನ ಪ್ರಾಣಕ್ಕೇ ಕುತ್ತು ತಂದ್ಲು, ಆದ್ರೂ ಇರ್ವಿಂಗ್ ಅವಳ ಮಗನ್ನ ತನ್ನ ಮಗ ಅಂತಾನೇ ನೋಡ್ಕೊತಾನೆ, ಅದಕ್ಕೇ ಅವಳನ್ನ ಬಿಟ್ಟು ಹೋಗೋಕೂ ಆಗಲ್ಲ.

ನಂಗೆ ಮುಖ್ಯವಾಗಿದ್ದು ಇರ್ವಿಂಗ್ ಕಾರ್ಮೈನ್ ಮನೆಗೆ ಹೋಗೋ ಸೀನು. ಅವ್ನು ಹೋಗ್ಬೇಕು ಅಂತ ಏನಿರ್ಲಿಲ್ಲ, ಫೋನ್ ಕೂಡ ಮಾಡದೆ ಸುಮ್ನೆ ಇದ್ಬಿಡ್ಬಹುದಿತ್ತು. ಹೋಗಿ, ಹೆಂಡತಿ ಮಕ್ಕಳು ಮನೇಲಿರುವಾಗ್ಲೇ, ನಾನು ನಿನಗೆ ಮೋಸ ಮಾಡಿದೀನಿ ಅಂತ ಬಾಯಿಬಿಟ್ಟು ಹೇಳ್ತಾನೆ, ಏಟು ತಿಂತಾನೆ. ಅಷ್ಟೇ ಅಲ್ಲ, ಎಫ್‌ಬಿಐದೇ 20 ಲಕ್ಷ ಡಾಲರ್ ಹಾರಿಸಿ, ಅದನ್ನ ವಾಪಸ್ ಕೊಡ್ಬೇಕಾದ್ರೆ ಕಾರ್ಮೈನ್ ಶಿಕ್ಷೆ ಕಮ್ಮಿ ಮಾಡಿ ಅಂತ ಪಟ್ಟು ಹಿಡೀತಾನೆ. ಆದ್ರೂ ಸ್ನೇಹ ಹೋಗಿದ್ದು ಹೋಗಿದ್ದೇ, ಅದು ಮತ್ತೆ ಸಿಗಲ್ಲ. 10 ಆಸ್ಕರ್ ನಾಮಿನೇಷನ್ ಬಂದು ಒಂದೂ ಸಿಗ್ಲಿಲ್ಲವಲ್ಲ ಆ ಪಿಕ್ಚರಿಗೆ, ಆ ಒಂದು ಸೀನಿಗಾದ್ರೂ ಕ್ರಿಶ್ಚಿಯನ್ ಬೇಲ್‌ಗೆ ಕೊಡ್ಬೇಕಿತ್ತು.

ನಮ್ಮನೆಗೆ ಬಂದವ್ನು ಮತ್ತೆ ಬರ್ಲೇ ಇಲ್ಲ. ಅಪ್ಪ ಆ ನಾಲ್ಕು ಮನೆಯವ್ರಿಗೂ ಎರಡು ವರ್ಷದ ಅಡಿಕೆ ದುಡ್ಡಲ್ಲಿ ಪೈಸೆ ಬಿಡದೆ ವಾಪಸ್ ಕೊಟ್ರು, ಆ ವರ್ಷ ಅಕ್ಕನ ಮದುವೆನೂ ಮುಂದಕ್ಕೆ ಹೋಯ್ತು, ನಿಮಗೆ ಗೊತ್ತೇ ಇದೆ. ಆದ್ರೆ ಅಪ್ಪ ದುಡ್ಡಿನ ಮಾತು ಒಂದು ದಿನಾನೂ ಆಡಿದ್ದು ನಾ ಕೇಳಿಲ್ಲ. ಜಗಲೀಲಿ ಕೂತಾಗ ಗೇಟಿನ ಸದ್ದಾದ್ರೆ ತಲೆ ಎತ್ತಿ ನೋಡೋರು. ಒಂದ್ಸಲ ಮಾತ್ರ ಅಮ್ಮನ ಹತ್ರ, ‘ಬಂದು ಒಂದು ಮಾತು ಹೇಳಿದ್ರೆ ಸಾಕಿತ್ತು ಕಣೇ, ಬಯ್ತಾನೂ ಇರ್ಲಿಲ್ಲ’ ಅಂದ್ರು.

ಭಾನುವಾರ ಅಕ್ಕನ್ನೂ ಕರ್ಕೊಂಡು ಬನ್ನಿ ಭಾವ, ಆ ಸೀನ್ ಒಂದ್ಸಲ ಮತ್ತೆ ಹಾಕ್ತೀನಿ. ಅಪ್ಪಾನೂ ಕೂತ್ಕೊಂಡು ನೋಡ್ಲಿ ಅಂತ ನಂಗಾಸೆ, ಇಂಗ್ಲಿಷ್ ಅರ್ಥ ಆಗ್ದಿದ್ರೆ ಪಕ್ಕದಲ್ಲಿ ಕೂತು ನಾನು ಹೇಳ್ತಾ ಹೋಗ್ತೀನಿ.