ಅತ್ತಿ ಟಿವಿಗೆ ಉತ್ತರಾ ಕೊಡ್ತಿದ್ದ ಸೀರಿಯಲ್

ನೋಡ್ರಿಪಾ, ಟೈಪ್ ಮಾಡಾಕ ಕುಂತ್ರ ನನ್ನ ಬೆರಳು ಒಂದು ಒತ್ತಿದ್ರ ಮತ್ತೊಂದು ಬೀಳ್ತೈತಿ, ಅದಕ್ಕ ಫೋನ್ ಮುಂದ ಹಿಡ್ಕೊಂಡು ಬಾಯಿಲೇನ ಹೇಳಾಕತ್ತೀನಿ, ಅದು ತಾನ ಬರ್ಕೊಂತೈತಂತ. ಉದ್ದ ಆಗ್ತೈತಿ, ಚಾ ಇಟ್ಕೊಂಡು ಕೂಡ್ರಿ.

ನಿನ್ನೆ ರಾತ್ರಿ ನಮ್ಮ ಬೆಂಗಳೂರಿನ ಸಣ್ಣಾವ ಗ್ರೂಪಿನ್ಯಾಗ ಕೇಳಿದ್ನಲ್ಲ, ಹಳೇ ಸೀರಿಯಲ್ ಒಂದು ಮೊದಲಿಂದ ಮತ್ತ ಟಿವಿನ್ಯಾಗ ಹಾಕ್ಸೋದು ನಿಮ್ಮ ಕೈಯಾಗ ಇದ್ರ ಯಾವ್ದು ಹಾಕಸ್ತೀರಿ, ಒಬ್ಬೊಬ್ರು ಒಂದ ಹೆಸರು ಹೇಳ್ರಿ ಅಂತ. ನಾ ಮುಂಜಾನೆ ಕಸಾ ಹೊಡದು ಬಂದು ನೋಡೂದ್ರಾಗ 14 ಮಂದಿ ಹೇಳಿ ಬಿಟ್ಟಾರ, ಅದ್ರಾಗ 9 ರಾಮಾಯಣ! ದೊಡ್ಡ ಕಾಕಾ ಅಂತೂ ಬರೇ ಕೈ ಮುಗಿಯೋ ಚಿತ್ರ ಹಾಕಿ ಮುಗಿಸ್ಯಾರ. ನಾ ಏನು ರಾಮಾಯಣಕ್ಕ ಬ್ಯಾಡ ಅನ್ನಾಕಿ ಅಲ್ಲ, ಆದ್ರ ಅದು ಬಂದು ಹೋತಲ್ರಿ! ಲಾಕ್‌ಡೌನಿನ್ಯಾಗ, 2020ರ ಮಾರ್ಚ್ 28ಕ್ಕ ಶುರು ಮಾಡಿದ್ರು, ಏಪ್ರಿಲ್ 16ಕ್ಕ ಒಂದ ದಿನಾ 7.7 ಕೋಟಿ ಮಂದಿ ನೋಡ್ಯಾರ ಅಂತ ದೂರದರ್ಶನದವ್ರ ಹೇಳ್ಕೊಂಡ್ರು. ಮಹಾಭಾರತಾನೂ ಬಂತು, ಶಕ್ತಿಮಾನ್ ಬಂತು, ಬ್ಯೋಮಕೇಶ್ ಬಕ್ಷಿ ಬಂತು. ಹೊಸಾ ಶೂಟಿಂಗ್ ಎಲ್ಲಾ ಬಂದ್ ಬಿದ್ದಿತ್ತು, ಹಾಕಾಕ ಏನೂ ಇರಲಿಲ್ಲ, ಅಟ್ಟದ ಮ್ಯಾಲಿಂದು ಕೆಳಗ ಇಳಿಸಿದ್ರು. ಉಂಡು ಎದ್ದಾವ್ರಿಗೆ ಮತ್ತ ಎಲಿ ಹಾಕೂದು ಯಾಕ, ಉಣಲಾರದಾವ್ರು ಇನ್ನೂ ಸಾಲಾಗಿ ಕುಂತಾರ.

ಆದ್ರೂ ರಾಮಾಯಣ ಅಂದ್ಕೂಡ್ಲೆ ನಂಗ ಗದಗ-ಬೆಟಗೇರಿ ತವರಮನಿ ನೆನಪಾತು ನೋಡ್ರಿ. 1987. ನಮ್ಮ ಓಣಿಗೆಲ್ಲಾ ಒಂದ ಟಿವಿ, ಮಾಲಕರ ಮನ್ಯಾಗ, ಕಟ್ಟಿಗಿ ಪೆಟ್ಟಿಗಿ, ಮುಂದ ಎರಡೂ ಕಡೆ ಸರಸೋ ಬಾಗ್ಲಾ, ಆ ಬಾಗ್ಲಾಕ್ಕ ಕೀಲಿ ಬ್ಯಾರೆ! ರವಿವಾರ ಮುಂಜಾನೆ ಮಾಲಕರ ಹೆಂಡ್ತಿ ಸೆರಗಿನ ಗಂಟಿನ್ಯಾಗಿಂದ ಕೀಲಿ ತಗದು ಆ ಬಾಗ್ಲಾ ಸರಸೋ ಸಪ್ಪಳಾನ ನಮ್ಗ ಗುಡಿ ಗಂಟಿ. ನಮ್ಮವ್ವ ಬರಿಗೈಲೆ ಕುಂತಾಕಿ ಅಲ್ಲ, ರಾಟಿ ಹೊತ್ಕೊಂಡ ಬರ್ತಿದ್ಲು, ಸೋಮವಾರ ಮಗ್ಗಕ್ಕ ನೂಲು ಸುತ್ತಿದ ಕಂಡಕಿ ಬೇಕಲ್ಲ. ಮಾಲಕರ ಹೆಂಡ್ತಿ ದಿನಾ ಜಗಳ, ನಿನ್ನ ರಾಟಿ ತಿರಗಿದ್ರ ಟಿವಿನ್ಯಾಗ ಗೆರಿ ಬರ್ತಾವ ಅಂತ. ರಾಟಿಗೂ ಟಿವಿ ಗೆರಿಗೂ ಏನು ಸಂಬಂಧ, ಅದೇನು ಕರೆಂಟಿಲೆ ತಿರಗ್ತಿತ್ತೇನು? ಆದ್ರ ಅವ್ವ ಪಾಪ ಹೌದ್ ತಿಳ್ಕೊಂಡು ರಾವಣ ಬಂದಾಗೊಮ್ಮಿ ನಿಲ್ಲಸ್ತಿದ್ಲು, ರಾಮ ಬಂದ್ರ ಮತ್ತ ನಿಲ್ಲಸ್ತಿದ್ಲು, ಸುತ್ತಿದ್ದು ಎಲ್ಲಾ ಜಾಹೀರಾತಿನ್ಯಾಗ.

ಮತ್ತ ಅದ ಟಿವಿನ್ಯಾಗ ಮಿಲೇ ಸುರ್ ಮೇರಾ ತುಮ್ಹಾರಾ ಅನ್ನೋ ಒಗ್ಗಟ್ಟಿನ ಹಾಡು ಬರ್ತಿತ್ತು, 1988ರಿಂದ. ಭೀಮಸೇನ ಜೋಶಿ ಬಾಯಿ ತಗದ್ರ ಸಾಕು, ಅಪ್ಪ ಎದ್ದು ನಿಂತು, ನಮ್ಮಾವ್ರು, ರೋಣದಾವ್ರು, ಅಂತ ಎಲ್ಲಾರ್ಗೂ ಹೇಳೋದು. ಪ್ರತಿ ಸಲ. ಗೊತ್ತೈತಿ ಕೂಡ್ರೀಪಾ ಹಿಂದಿನಾವ್ರಿಗೆ ಕಾಣಂಗಿಲ್ಲ ಅಂತ ಬೈಸ್ಕೊಂಡು ಕೂಡ್ತಿದ್ರು. ಇದು ಸೀರಿಯಲ್ ಅಲ್ಲ ಬಿಡ್ರಿ, ನೆನಪಾತು ಅಂತ ಹೇಳಿದೆ.

ಹುಬ್ಬಳ್ಳಿ ಮಾಮಾ ಮಾಲ್ಗುಡಿ ಡೇಸ್ ಅಂದಾರ. ಮಾಮಾ, ನಿಮ್ಮ ಮಾತು ಚೊಲೋ ಐತಿ, ಎದುರಾಡೂದಿಲ್ಲ. ಶಂಕರನಾಗ್ ಆಗುಂಬಿನ್ಯಾಗ ಕುಂತು ಮಾಡಿದ್ದು, ಸ್ವಾಮಿ ಆಗಿ ಆ ಹುಡುಗ ಮಂಜುನಾಥ, ಅವ್ರಪ್ಪ ಆಗಿ ನಮ್ಮ ಧಾರವಾಡದ ಗಿರೀಶ ಕಾರ್ನಾಡ್, ಲಕ್ಷ್ಮಣ್ ಅವ್ರ ಚಿತ್ರ, ಆ ತಾನಾನಾ ತಾನಾ ಮ್ಯೂಸಿಕ್ಕು. ಆಗ ಟಿವಿನ್ಯಾಗ ನಾವು ನೋಡಿದ್ದು ಹಿಂದಿ, ನಮ್ಗ ಹಿಂದಿ ಅಷ್ಟಕ್ಕಷ್ಟ, ಆದ್ರೂ ಅಪ್ಪ ಅಂದ್ರ ಅಂಜೋದು ಹೆಂಗ ಅಂತ ಯಾರೂ ಭಾಷಾಂತರ ಮಾಡಿ ಹೇಳಬೇಕಾಗಿರ್ಲಿಲ್ಲ. ಬೆಂಗಳೂರು ಬಸ್ಸಿನ್ಯಾಗ ಹೋಗೋವಾಗ ದಾವಣಗೆರಿ ದಾಟಿ ಆನಗೋಡು ಬಂದ್ರ ಅಪ್ಪ ಇವತ್ತಿಗೂ ಕಿಡಕ್ಯಾಗ ಬಳ್ಳು ತೋರಸ್ತಾರ, ಶಂಕರನಾಗ್ ಇಲ್ಲೇ ನೋಡು ಅಪಘಾತದಾಗ ಹೋಗಿದ್ದು ಅಂತ, 1990ರ ಸೆಪ್ಟೆಂಬರ್ 30. ಆದ್ರ ಮಾಮಾ, ಮಾಲ್ಗುಡಿಗೆ ಯಾರೂ ಅನ್ಯಾಯ ಮಾಡಿಲ್ಲ, ಅದು ಆಗಾಗ ಬಂದು ಹೋಗ್ತದ, 2006ರಾಗ ಕವಿತಾ ಲಂಕೇಶ್ ಮತ್ತಷ್ಟು ಕಂತು ಮಾಡಿದ್ರು, ಅರಸಾಳು ಸ್ಟೇಷನ್ನಿನ್ಯಾಗ ಮ್ಯೂಸಿಯಂ ಸುದ್ದಾ ಆಗೈತಿ. ಅದಕ್ಕ ನಿಮ್ಮ ವೋಟು ನಾ ಕ್ಯಾನ್ಸಲ್ ಮಾಡೀನಿ, ಸಿಟ್ಟಾಗಬ್ಯಾಡ್ರಿ.

ಈಗ ನನ್ನ ಖರೇ ಸಂಕಟ ಹೇಳ್ತೀನಿ, ಮಾಯಾಮೃಗ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂರೂ ಮಂದಿ ಕೂಡಿ ಮಾಡಿದ್ದು, 1998, ಚಂದನ, ಸಂಜಿ ನಾಕೂವರಿಗೆ. ಆಗ ನಾ ಮದಿವ್ಯಾಗಿ ಧಾರವಾಡಕ್ಕ ಹೊಸದಾಗಿ ಬಂದಿದ್ದೆ. ನಾಕೂವರಿ ಅಂದ್ರ ಓಣ್ಯಾಗ ಒಂದು ನಾಯಿ ಸುದ್ದಾ ಅಡ್ಡಾಡ್ತಿರಲಿಲ್ಲ, ಎಲ್ಲಾರ ಕಿಡಕ್ಯಾಗಿಂದ ಒಂದ ಹಾಡು. ಆದ್ರ ನಮ್ಮ ಓಣಿ ನಳ! ನಿಮ್ಗೆಲ್ಲಾ ಗೊತ್ತೈತಿ ನಮ್ಮ ಅವಳಿ ನಗರದ ನಳದ ಕಥಿ, ಆರು ದಿನಕ್ಕೊಮ್ಮಿ ಬಂದ್ರ ಪುಣ್ಯ, ಅದೂ ನಮ್ಮ ಕಡೆ ಬರೋಬ್ಬರಿ ನಾಕಕ್ಕ ಬಿಟ್ಟು ಐದೂವರಿಗೆ ಬಂದ್. ಹೊಸಾ ಸೊಸಿ, ನೀರು ತುಂಬೋದು ಯಾರ ಪಾಲಿಗೆ? ನಾ ಕೊಡಾ ಹಿಡ್ಕೊಂಡು ಅಂಗಳಕ್ಕೂ ಬಚ್ಚಲಕ್ಕೂ ಓಡೋದು, ನಮ್ಮ ನಾದಿನಿ ಟಿವಿ ಮುಂದ ಕುಂತು ಅಲ್ಲಿಂದ ಒದರೋದು, ವೈನಿ ಈಗ ಅಕಿ ಅಳಾಕತ್ಲು, ವೈನಿ ಈಗ ಫೋನ್ ಬಂತು, ವೈನಿ ಅಂವ ಖರೆ ಹೇಳವಲ್ಲ ಅಂತ. ಯಾವಾಕಿ, ಯಾವಾವ, ಏನೂ ತಿಳಿತಿರಲಿಲ್ಲ, ಕೊಡದಾಗ ನೀರಿನ ಸಪ್ಪಳ ಬ್ಯಾರೆ. ಕಡಿಕ ಜಾಹೀರಾತಿನ್ಯಾಗ ಅಕಿ ಎಲ್ಲಾ ತಾ ಬೇಕಾದಂಗ ಕೂಡಿಸಿ ಹೇಳ್ತಿದ್ಲು, ಮರುದಿನ ನೋಡಿದ್ರ ಕಥಿ ಬ್ಯಾರೇನ ಇರ್ತಿತ್ತು! ಹಿಂಗಾಗಿ ನಾ ನೋಡಿದ ಮಾಯಾಮೃಗ ಅಂದ್ರ ಪ್ರತಿ ಆರು ಕಂತಿಗೆ ಒಂದು ತೂತು ಇರೋ ಜಾಳಿಗಿ. ಆ ನಳದ ದಿನದ ಕಂತುಗಳು ನೋಡಾಕರೆ ಅದು ಮತ್ತ ಬರಬೇಕು.

2022ರಾಗ ಮತ್ತೆ ಮಾಯಾಮೃಗ ಅಂತ ಸಿರಿ ಕನ್ನಡದಾಗ ಬಂತಲ್ಲ ಅಂತೀರಿ. ಬಂತು, ಆದ್ರ ಅದು ಮುಂದಿನ ಕಥಿ, ನಂಗ ಹಿಂದಿಂದ ಪೂರ್ತಿ ಆಗಿಲ್ಲ, ಮುಂದಿಂದು ಹೆಂಗ ಹಿಡೀಲಿ? ಪಾಪ ಪಾಂಡು ಸೀರಿಯಲ್ಲೂ ಹಂಗ, ಹೊಸದಾಗಿ ಮತ್ತ ಮಾಡಿದ್ರು 2018ರಾಗ. ಹೊಸದು ಮಾಡೋದು ಬ್ಯಾರೆ, ಇದ್ದದ್ದು ಇದ್ದಂಗ ಮತ್ತ ಹಾಕೂದು ಬ್ಯಾರೆ. ಹಳೇ ಇಳಕಲ್ ಸೀರಿ ಕೇಳಿದ್ರ ಅದ ಡಿಸೈನಿಂದು ಹೊಸದು ತಂದೀನಿ ಅಂದಂಗ. ಫಣಿ ರಾಮಚಂದ್ರ ಅವ್ರ ದಂಡಪಿಂಡಗಳು ಹಾಕ್ರಿ ಅಂತ ನಮ್ಮನಿಯವ್ರು ಹಿಂದಿಂದ ಸನ್ನಿ ಮಾಡಾಕತ್ತಾರ, ಅವ್ರಿಗೆ ಗ್ರೂಪಿನ್ಯಾಗ ಬರ್ಯಾಕ ಧೈರ್ಯ ಇಲ್ಲ. ಬರಲಿ, ನಗಾಕ ಚೊಲೋ ಇತ್ತು. ಥಟ್ ಅಂತ ಹೇಳಿ ಅಂತ ಯಾರೋ ಹಾಕೀರಿ, ಅದು ನಿಂತಿದ್ದರ ಯಾವಾಗ ತಂಗಿ, 2002ರಿಂದ ನಡದ ಐತಿ, ಸೋಮೇಶ್ವರ ಡಾಕ್ಟ್ರು ಪುಸ್ತಕಾ ಕೊಡಾಕತ್ತ ಅದಾರ.

ಆತು, ನನ್ನ ಒಂದ ಹೆಸರು ಹೇಳ್ತೀನಿ, ಮಾಯಾಮೃಗ ಅಲ್ಲ. ಮೂಡಲ ಮನೆ. ಈಟಿವಿ ಕನ್ನಡದಾಗ ಬರ್ತಿತ್ತು, ವೈಶಾಲಿ ಕಾಸರವಳ್ಳಿ ನಿರ್ದೇಶನ. ಯಾಕ ಅಂತ ಕೇಳ್ರಿ.

ನಮ್ಮ ಅತ್ತಿ ಸಾಧನಕೇರಿ ಕಡೆ ಹುಟ್ಟಿ ಬೆಳದಾಕಿ, ಸಾಲಿಗೆ ಹೋದಾಕಿ ಅಲ್ಲ. ಬೆಂಗಳೂರು ಸೀರಿಯಲ್ ಹಚ್ಚಿದ್ರ ಅರ್ಧಾ ತಾಸಿನ್ಯಾಗ ಹತ್ತು ಸಲ ನಂಗ ಕೇಳೋದು, ಏನಂದ್ಲು ಅಕಿ? ಏನಂದ್ಲು? ಕನ್ನಡಾನ ಇರ್ತೈತಿ, ತಿಳಿಯೂದಿಲ್ಲ ಅಂತಲ್ಲ, ಆದ್ರ ಓಡಿ ಹೋಗೋ ಮಾತು, ಕಿವ್ಯಾಗ ಇಳಿಯೂದ್ರಾಗ ಮುಂದಿಂದು ಬಂದಿರ್ತೈತಿ. ನಮ್ಮ ಕಡೆ ಮಾತು ಟಿವಿನ್ಯಾಗ ಬಂದ್ರ ಅದು ಒಂದೋ ವಾಚಮನ್ನು, ಇಲ್ಲಾ ಅಡಗಿ ಭಟ್ಟ, ಇಲ್ಲಾ ನಗಸಾಕ ಒಬ್ಬಾವ. ಬಾಯಿ ತಗದ್ರ ಮಂದಿ ನಗಬೇಕು, ಅಷ್ಟ ಅವನ ಕೆಲ್ಸ. ಮೂಡಲ ಮನೆಯೊಳಗ ಹಂಗ ಇರಲಿಲ್ಲ. ಅಲ್ಲಿ ಮನಿ ಹಿರ್ಯಾನೂ ನಮ್ಮಂಗ ಮಾತಾಡ್ತಿದ್ದ, ಅಳೋರೂ ನಮ್ಮಂಗ ಅಳ್ತಿದ್ರು.

ಅದು ಶುರುವಾಗಿ ಎರಡು ಮೂರು ದಿನ ಆಗಿರ್ಬೇಕು, ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ, ಹೊರಗ ಅತ್ತಿ ಯಾರ ಕೂಡೋ ಮಾತಾಡಿದಂಗ ಕೇಳಿಸ್ತು. ಬೀಗರು ಯಾರರ ಬಂದ್ರೇನೋ ಅಂತ ಹಿಟ್ಟಿನ ಕೈಲೇನ ಹೊರಗ ಬಂದು ನೋಡಿದ್ರ, ಯಾರೂ ಇಲ್ಲ, ಟಿವಿ ಕೂಡ ಮಾತಾಡಾಕತ್ತಾರ! ಅಲ್ಲಿ ಒಬ್ಬಾಕಿ ಏನೋ ಕೇಳ್ತಾಳ, ಇವ್ರು ಇಲ್ಲಿಂದ, ಹೌದವಾ, ಹಂಗಂದ್ರ ಹೆಂಗ, ನೀನರ ತಿಳಿಸಿ ಹೇಳಬಾರ್ದೇನು ಅಂತ. ಅವತ್ತಿಂದ ಏನಂದ್ಲು ಅಕಿ ಅನ್ನೋ ಪ್ರಶ್ನಿ ನಮ್ಮನ್ಯಾಗ ಬಂದ್ ಆತು. ಉಲ್ಟಾ ನಾ ಒಳಗಿಂದ ಕೇಳೋ ಪಾಳಿ, ಏನಂದ್ಲು ಅತ್ತಿ ಅಕಿ?

ಮತ್ತ ಅದರ ಟೈಟಲ್ ಹಾಡು, ಬೇಂದ್ರೆ ಅಜ್ಜಾರ ಬೆಳಗು ಪದ್ಯ. ಅದು ಅತ್ತಿಗೆ ಓದಿ ಬಂದಿದ್ದಲ್ಲ, ಬೆಳ್ಳಿಮೋಡ ಸಿನಿಮಾಕ್ಕ ಎಸ್. ಜಾನಕಿ ಹಾಡಿದ್ದಲ್ಲ 1967ರಾಗ, ರೇಡಿಯೋದಾಗ ಕೇಳಿ ಕೇಳಿ ಬಾಯಿಗೆ ಬಂದಿದ್ದು. ಟಿವಿನ್ಯಾಗ ಹಾಡು ಒಂದ ನಿಮಿಷದಾಗ ಮುಗೀತೈತಿ, ಇವ್ರದು ಮುಗೀತಿರಲಿಲ್ಲ, ಮುಂದಿನ ಸಾಲು ಗುಣುಗುಣು ನಡದ ಇರ್ತಿತ್ತು, ಅಷ್ಟರಾಗ ಕಥಿ ಶುರು ಆಗಿ ಮೊದಲಿನ ಮಾತು ತಪ್ಪಿ ಹೋಗಿ, ನನ್ನ ಮ್ಯಾಲ ಸಿಟ್ಟು, ನೀನರ ಹೇಳಬಾರ್ದೇನು ಚಾಲೂ ಆತು ಅಂತ.

ಈಗ ನೀವು, ಅದ ನಮ್ಮ ಜಾಣ ಅಳಿಯಾ, ಬರದೀರಲ್ಲ, ಎಲ್ಲಾ ಯೂಟ್ಯೂಬಿನ್ಯಾಗ ಸಿಗ್ತೈತಿ ಮಾವಶಿ, ಟಿವಿ ಯಾಕ ಬೇಕು ಅಂತ. ಅಳಿಯಾ, ಹೋದ ದೀಪಾವಳಿಗೆ ನೀವ ನನ್ನ ಫೋನಿನ್ಯಾಗ ಯಾವ್ದೋ ಹಳೇ ಸೀರಿಯಲ್ ಹಚ್ಚಿ ಅತ್ತಿ ಕೈಯಾಗ ಕೊಟ್ಟು ಹೋದ್ರಿ. ಅವ್ರಿಗೆ ಈಗ 84, ಕಣ್ಣು ಮಸಕು, ಬರೇ ಕೇಳ್ತಾರ. ಮೊದಲ ಒಂದು ಸಾಲದ ಜಾಹೀರಾತು, ಆಮ್ಯಾಲ ಕಂತು ನಡುವಿಂದ, ಅದು ಮುಗದ್ರ ತಾನ ಹಾರಿ ಹಾವು ಹಿಡಿಯೋ ವಿಡಿಯೋ. ನಾ ಹಿತ್ತಲದಾಗ ಇದ್ದೆ, ಬಂದು ನೋಡಿದ್ರ ಅತ್ತಿ ಗಾಬರಿ, ಯಾರ ಮನ್ಯಾಗ ಹಾವು ಬಂತು, ಯಾವ ಸೊಸಿಗೆ ಕಚ್ಚಿತು ಅಂತ! ಸೀರಿಯಲ್ ಒಳಗನ ಹಾವು ಬಂತು ಅಂತ ತಿಳ್ಕೊಂಡಾರ ಅವ್ರು. ಮೂರು ದಿನಾ ಅದನ್ನ ಕೇಳಿದ್ರು.

ಟಿವಿನ್ಯಾಗ ಅಂದ್ರ ಹೊತ್ತು ಅಂತ ಒಂದು ಇರ್ತೈತಿ. ಇಷ್ಟು ಹೊತ್ತಿಗೆ ಬರ್ತೈತಿ, ಇಷ್ಟಕ್ಕ ಮುಗೀತೈತಿ, ನಾಳಿಗೆ ಮತ್ತ. ಬಾಜೂ ಮನ್ಯಾಕಿನೂ ಅದನ್ನ ನೋಡಿರ್ತಾಳ, ಮುಂಜಾನೆ ಕಟ್ಟಿ ಮ್ಯಾಲ ಸೊಪ್ಪು ಸೋಸೋವಾಗ ಮಾತಾಡಾಕ ಬರ್ತೈತಿ. ಯೂಟ್ಯೂಬಿನ್ಯಾಗ ನಾ ಏಳನೇ ಕಂತು, ಅಕಿ ಎಪ್ಪತ್ತನೇ ಕಂತು, ಏನು ಮಾತಾಡೋದು?

ಹಾಕೂದು ಸಸಾರ ಅಲ್ಲ ಅನ್ನೋದು ನಂಗೂ ಗೊತ್ತೈತಿ. ದೂರದರ್ಶನಕ್ಕ ಹೊರಗಿನ ಪ್ರೊಡ್ಯೂಸರ್ ಮಂದಿ ಸ್ಪಾನ್ಸರ್ ಹಿಡದು ಮಾಡಿದ್ದ ಎಷ್ಟೋ ಸೀರಿಯಲ್ ಹಕ್ಕು ಅವ್ರ ಕಡೇನ, ಈಟಿವಿ ಕನ್ನಡ ಅಂತೂ 2015ರಾಗ ಕಲರ್ಸ್ ಕನ್ನಡ ಆತು, ಹಳೇ ಟೇಪಿನ ಗಂಟು ಯಾರ ಕಪಾಟಿನ್ಯಾಗೋ. ಟೇಪಿಗೆ ಥಂಡಿ ಹಿಡದ್ರ ಬೂಸ್ಟು ಬರ್ತೈತಿ, ಸುರುಳಿಗೆ ಸುರುಳಿ ಅಂಟ್ಕೊಂತೈತಿ, ಬಿಡಸಾಕ ಹೋದ್ರ ಕಿತ್ತು ಬರ್ತೈತಿ, ಲಗೂ ಕಂಪ್ಯೂಟರಿಗೆ ಇಳಿಸ್ಕೊಳ್ಳದಿದ್ರ ಆಮ್ಯಾಲ ಹುಡುಕಿದ್ರೂ ಉಪಯೋಗಿಲ್ಲ. ಹಾಕಿದ್ರ ಇನ್ನೊಂದು ಕೇಳ್ಕೊಂತೀನಿ, ಆಗಿನ ಚಿತ್ರ ಚೌಕ, ಈಗಿನ ಟಿವಿ ಅಡ್ಡಕ್ಕ ಉದ್ದ, ತುಂಬಸ್ಬೇಕಂತ ಎಳದು ಹಾಕ್ತಾರ, ಎಲ್ಲಾರ್ದೂ ಮಾರಿ ಚಪಾತಿ ಆಗ್ತೈತಿ. ಎರಡೂ ಕಡೆ ಕರೀ ಪಟ್ಟಿ ಇದ್ರ ಇರ್ಲಿ ಬಿಡ್ರಿ, ನಮ್ಮ ಮಾಲಕರ ಟಿವಿ ಬಾಗ್ಲಾ ಅರ್ಧಾ ತಗದಂಗ ಕಾಣ್ತೈತಿ ಅಷ್ಟ.

ತಡೀರಿ, ಅತ್ತಿ ಕರ್ಯಾಕತ್ತಾರ.

ಹಾಂ. ಇಷ್ಟೊತ್ತು ಹೊರಸಿನ ಮ್ಯಾಲ ಮಲ್ಕೊಂಡ ಎಲ್ಲಾ ಕೇಳಿಸ್ಕೊಂಡಾರ. ಮೂಡಲ ಮನಿ ಮತ್ತ ಹಚ್ಯಾರಂತೇನು, ಎಷ್ಟಕ್ಕ ಅಂತ ಕೇಳಾಕತ್ತಾರ. ಇಲ್ರೀ ಅತ್ತಿ, ನಾವ ಗ್ರೂಪಿನ್ಯಾಗ ಸುಮ್ನ ಮಾತಾಡಾಕತ್ತೀವಿ ಅಂತ ಎರಡು ಸಲ ಹೇಳಿದೆ. ಅದನ್ನ ಕಿವಿ ಮ್ಯಾಲ ಹಾಕ್ಕೊಳ್ಳವಲ್ರು. ಹಂಗಾರ ಇವತ್ತ ಲಗೂನ ರೊಟ್ಟಿ ಬಡದಿಟ್ಟು ಬಿಡು, ನಡುವ ಏಳೂದಾಗಬಾರ್ದು ಅಂದ್ರು. ಸಣ್ಣಾ, ಈ ಪ್ರಶ್ನಿ ಹಚ್ಚಿದಾವ ನೀನ, ಸಂಜೀಕ ಫೋನ್ ಮಾಡಿ ನೀನ ಹೇಳು ಅವ್ರಿಗೆ.